ಬಾಲ್ಕನಿಯ ತರಕಾರಿಯೂ ಮಾಂಸಕ್ಕೆ ಬದಲಾದ ಮನೆಯಡಿಗೆಯೂ: ನಾಗರಬಾವಿಯಿಂದ ಹಳ್ಳಿಯ ಜಮೀನುದಾರರು ತಿಳಿಯಬೇಕಾದುದು

ಪಟ್ಟಣದ ಮಹಡಿಮನೆಗಳಲ್ಲಿ ಕುಂಡಗಳನ್ನಿಟ್ಟು ಸೊಪ್ಪುತರಕಾರಿ ಬೆಳೆಯುವ ಸಂಗತಿಯನ್ನು ಗ್ರಾಮದ ಯಜಮಾನರಿಗೂ ಜಮೀನುದಾರರಿಗೂ ಉದ್ದೇಶಿಸಿದ ಈ ಪತ್ರಿಕೆಯಲ್ಲಿ ಏತಕ್ಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಎಕರೆಗಟ್ಟಲೆ ಉಳುವವರಿಗೆ ನಾಲ್ಕಡಿ ಅಗಲದ ಬಾಲ್ಕನಿಯಿಂದ ಕಲಿಯತಕ್ಕದ್ದೇನಿದೆ ಎಂಬ ಈ ಪ್ರಶ್ನೆಯು ನ್ಯಾಯವಾದುದೇ ಸರಿ. ಆದರೆ ಆ ಬಾಲ್ಕನಿಯು ಏನನ್ನು ಕೊಡಬಲ್ಲುದು, ಏನನ್ನು ಕೊಡಲಾರದು ಎಂಬ ಲೆಕ್ಕವನ್ನು ಸರಿಯಾಗಿ ಹಾಕಿ ನೋಡಿದರೆ, ನಮ್ಮ ಹೊಲಗಳಲ್ಲಿ ಬರಬರುತ್ತ ಕಡಮೆಯಾಗುತ್ತಿರುವ ಒಂದು ಪೈರಿನ ಬೆಲೆಯು ಗೊತ್ತಾಗುವುದು. ಈ ಲೇಖನದ ಉದ್ದೇಶವೂ ಅದೇ ಆಗಿರುವುದು.

ನಾಗರಬಾವಿಯ ಹಿಂದಿನ ಮತ್ತು ಈಗಿನ ಸ್ಥಿತಿ

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಇರುವ ನಾಗರಬಾವಿಯು ಮೊದಲು ಒಂದು ಹಳ್ಳಿಯಾಗಿದ್ದಿತು. ಹೆಸರಿನಲ್ಲಿಯೇ ಒಂದು ಬಾವಿ ಇದೆ. ಇದರ ಮಗ್ಗುಲಿನಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯ ಆವರಣವೂ, 1972ರಲ್ಲಿ ಸ್ಥಾಪಿತವಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯೂ, ರಾಷ್ಟ್ರೀಯ ಕಾನೂನು ಶಾಲೆಯೂ ಇರುವುವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರು ಬಡಾವಣೆಗಳನ್ನು ರಚಿಸಿದ ಮೇಲೆ ಇಲ್ಲಿಯ ಹೊಲಗಳು ನಿವೇಶನಗಳಾಗಿ, ನಿವೇಶನಗಳ ಮೇಲೆ ಮಹಡಿಗಳು ಎದ್ದು, ಹಿತ್ತಲೆಂಬುದು ಬಹುಮಟ್ಟಿಗೆ ಇಲ್ಲವಾಯಿತು. ಈಗ ಬಹುಪಾಲು ಮನೆಗಳಿಗೆ ಭೂಮಿಯೆಂದರೆ ಬಾಲ್ಕನಿ ಅಥವಾ ಮೇಲ್ತಾರಸಿ ಮಾತ್ರವೇ ಆಗಿದೆ.

ಇದೇ ಮಾಗಡಿ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರು ಹೋದರೆ ಮಾಗಡಿಯು ದೊರೆಯುವುದು. ಮಾಗಡಿಯ ಸೀಮೆಯ ಅವರೆಕಾಯಿಯ ಸೊಗಡನ್ನು ಅರಿಯದವರು ಬೆಂಗಳೂರಿನಲ್ಲಿ ಅಪರೂಪ. ಮಾರ್ಗಶಿರ ಪುಷ್ಯಗಳಲ್ಲಿ ಆ ಕಾಯಿಯು ಮೂಟೆಮೂಟೆಯಾಗಿ ಇದೇ ದಾರಿಯಲ್ಲಿ ಪಟ್ಟಣಕ್ಕೆ ಇಳಿದು ಬರುವುದು. ದಾರಿಯ ಈ ತುದಿಯಲ್ಲಿ ಬಾಲ್ಕನಿ, ಆ ತುದಿಯಲ್ಲಿ ಅವರೆಯ ಹೊಲ. ಮುಂದೆ ಹೇಳುವ ವಿಷಯವೆಲ್ಲವೂ ಇವೆರಡರ ನಡುವಣದ್ದು.

ಬಾಲ್ಕನಿಯಲ್ಲಿ ಬೆಳೆಯುವ ಕ್ರಮ

ಪಟ್ಟಣದಲ್ಲಿ ಮಕ್ಕಳೂ ಸೊಸೆಯಂದಿರೂ ಇರುವ ಜಮೀನುದಾರರು ಈ ಕ್ರಮವನ್ನು ಅವರಿಗೆ ತಿಳಿಸಬಹುದು. ಹಳ್ಳಿಯಲ್ಲಿ ಹಿತ್ತಲಿಲ್ಲದ ಮನೆಗಳಿಗೂ ಇದು ಉಪಯೋಗವಾಗುವುದು.

ಮೊದಲು ಬಿಸಿಲನ್ನು ನೋಡಬೇಕು. ದಿನಕ್ಕೆ 4ರಿಂದ 6 ಗಂಟೆಗಳ ಕಾಲ ನೇರವಾದ ಬಿಸಿಲು ಬೀಳುವ ಕಡೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಬೆಂಡೆಗಳನ್ನು ಇಡತಕ್ಕದ್ದು. ಅಷ್ಟು ಬಿಸಿಲಿಲ್ಲದ ಕಡೆ ಮೆಂತ್ಯ, ಕೊತ್ತಂಬರಿ, ಪಾಲಕ್, ದೊಡ್ಡಪತ್ರೆಗಳು ಬರುವುವು. ಬಿಸಿಲೇ ಬಾರದ ಮೂಲೆಯಲ್ಲಿ ಕಾಯಿಬಿಡುವ ಗಿಡವನ್ನಿಟ್ಟು ಗೊಬ್ಬರವನ್ನು ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಎರಡನೆಯದಾಗಿ ತೂಕ. ನೆನೆದ ಮಣ್ಣು ಒಂದು ಲೀಟರಿಗೆ ಒಂದೂವರೆ ಕಿಲೋಗ್ರಾಮಿಗೂ ಮೀರಿ ತೂಗುವುದು. 20 ಲೀಟರಿನ ಹತ್ತು ಕುಂಡಗಳೆಂದರೆ 300 ಕಿಲೋಗ್ರಾಮಿಗೆ ಕಡಮೆಯಿಲ್ಲ. ಆದುದರಿಂದ ಕೆಂಪುಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಇವುಗಳನ್ನು ಸಮಭಾಗವಾಗಿ ಬೆರೆಸುವುದರಿಂದ ಭಾರವೂ ತಗ್ಗುವುದು, ತೇವವೂ ನಿಲ್ಲುವುದು. ದೊಡ್ಡ ಕುಂಡಗಳನ್ನು ಬಾಲ್ಕನಿಯ ಅಂಚಿನಲ್ಲಿಡದೆ ಮನೆಯ ಗೋಡೆಯ ಬುಡದಲ್ಲಿ ಇಡತಕ್ಕದ್ದು. ಕೈಪಿಡಿಗೋಡೆಯ ಮೇಲೆ ಕುಂಡವನ್ನು ಎಂದಿಗೂ ಇಡಬಾರದು. ಗಾಳಿಗೆ ಉರುಳಿದರೆ ಕೆಳಗೆ ನಡೆಯುವವರ ಪ್ರಾಣಕ್ಕೆ ಅಪಾಯವು.

ಸೊಪ್ಪುಗಳಿಗೆ ಅರ್ಧ ಅಡಿ ಆಳದ ತಟ್ಟೆ ಸಾಕು. ದಂಟು, ಹರಿವೆ, ಮೆಂತ್ಯಗಳನ್ನು ಒಂದೇ ಸಲ ಬಿತ್ತದೆ ವಾರಕ್ಕೊಂದು ತಟ್ಟೆಯಂತೆ ಬಿತ್ತಿದರೆ ವಾರವಾರವೂ ಕೊಯ್ಲು ದೊರೆಯುವುದು. ಬದನೆ, ಟೊಮ್ಯಾಟೊಗಳಿಗೆ ಒಂದಡಿ ಆಳದ ಕುಂಡಕ್ಕೆ ಒಂದೇ ಸಸಿಯನ್ನು ನೆಡಬೇಕು. ಸಸ್ಯಹೇನು ಕಂಡುಬಂದಲ್ಲಿ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನ ನೀರಿನಲ್ಲಿ ಕದಡಿ, ಸಂಜೆಯ ಹೊತ್ತು ಎಲೆಗಳ ತಳಭಾಗಕ್ಕೆ ಸಿಂಪಡಿಸತಕ್ಕದ್ದು. ಅಡಿಗೆಮನೆಯ ಸಿಪ್ಪೆ ತೊಟ್ಟುಗಳನ್ನು ಒಣಎಲೆಗಳೊಡನೆ ಪದರಪದರವಾಗಿ ಒಂದು ಡಬ್ಬದಲ್ಲಿ ಕೊಳೆಯಿಸಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವುದು.

ಅವರೆಯನ್ನು ಕುಂಡದಲ್ಲಿ ಬೆಳೆಯಬೇಕೆಂಬ ಆಸೆಯುಳ್ಳವರು ನಾಟಿ ತಳಿಯನ್ನು ತೆಗೆದುಕೊಳ್ಳಬಾರದು. ನಾಟಿ ಅವರೆಯು ಹಗಲು ಕಿರಿದಾದ ಹೊರತು ಹೂಬಿಡದು, ಬಳ್ಳಿಯೂ ಹಬ್ಬುವುದು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 30 ಎಕರೆ ಭೂಮಿಯನ್ನು ದಯಪಾಲಿಸಿದ್ದರಿಂದ ಆರಂಭವಾದ ಹೆಬ್ಬಾಳದ ಪ್ರಯೋಗಕ್ಷೇತ್ರವು 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆ ವಿಶ್ವವಿದ್ಯಾನಿಲಯದವರು ಹೊರತಂದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳು ಗಿಡ್ಡಗಿಡವಾಗಿ ನಿಂತು ಎಲ್ಲ ಕಾಲದಲ್ಲಿಯೂ ಹೂಬಿಡುವುವು. ಕುಂಡಕ್ಕೆ ಇವೇ ಯೋಗ್ಯವಾದುವು.

ನೀರಿನ ವಿಚಾರ

2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವವು ಒದಗಿ, ಕುಡಿಯುವ ನೀರನ್ನು ತೋಟಗಳಿಗೆ ಹಾಕಕೂಡದೆಂದು ಜಲಮಂಡಳಿಯವರು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ವಿಧಿಸುವುದಾಗಿ ಪ್ರಕಟಿಸಿದರು. ಆದುದರಿಂದ ಬಾಲ್ಕನಿಯ ತೋಟವು ಅಕ್ಕಿ ಬೇಳೆ ತೊಳೆದ ನೀರಿನಿಂದಲೂ, ಸೊಪ್ಪು ತೊಳೆದ ನೀರಿನಿಂದಲೂ ನಡೆಯುವಂತಿರಬೇಕು. ಮಣ್ಣಿನ ಮೇಲೆ ಒಣಎಲೆಯನ್ನು ಹೊದಿಸಿ ಬೆಳಗಿನ ಹೊತ್ತು ನೀರೆರೆದರೆ ಎಷ್ಟೋ ನೀರು ಉಳಿಯುವುದು.

ಪಟ್ಟಣದವರು ಇಷ್ಟು ಶ್ರಮಪಟ್ಟು ಸೊಪ್ಪನ್ನು ಬೆಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾಗರಬಾವಿಗೆ ಸಮೀಪವಾಗಿಯೇ ಹರಿಯುವ ವೃಷಭಾವತಿಯು ಈಗ ಪಟ್ಟಣದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಬೈರಮಂಗಲದ ಕಡೆಗೆ ಹೋಗುತ್ತಿರುವುದು. ಅಂಥ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಸೀಸ ಮೊದಲಾದ ಲೋಹಗಳು ಸೇರಬಹುದೆಂಬ ಭಯವು ಕೊಳ್ಳುವವರಲ್ಲಿ ಹುಟ್ಟಿದೆ. ಈ ಭಯವನ್ನು ಜಮೀನುದಾರರು ಹಗುರವಾಗಿ ಎಣಿಸಬಾರದು. ಶುದ್ಧವಾದ ನೀರಿನಲ್ಲಿ ಬೆಳೆದುದನ್ನು ಶುದ್ಧವೆಂದು ತೋರಿಸಿ ಮಾರಬಲ್ಲ ಊರಿಗೆ ಗಿರಾಕಿಯು ತಾನಾಗಿಯೇ ಬರುವನು.

ಮಾಂಸಕ್ಕೆ ಬದಲಾದ ಪದಾರ್ಥಗಳು

ಮಾಂಸವನ್ನು ತಿನ್ನುವುದೂ ಬಿಡುವುದೂ ಅವರವರ ಮನೆಯ ಪದ್ಧತಿಗೆ ಸೇರಿದ್ದು. ಈ ಪತ್ರಿಕೆಯು ಆ ವಿಷಯದಲ್ಲಿ ಯಾರಿಗೂ ಉಪದೇಶ ಮಾಡುವುದಿಲ್ಲ. ಆದರೆ ತಿನ್ನುವ ಮನೆಗಳಲ್ಲಿಯೂ ಶ್ರಾವಣಮಾಸ, ಸೋಮವಾರ, ಶನಿವಾರಗಳಲ್ಲಿ ಬಿಡುವ ವಾಡಿಕೆಯುಂಟು. ಬೆಲೆಯ ಕಾರಣದಿಂದ ಕಡಮೆ ಮಾಡುವವರೂ ಉಂಟು. ಪಟ್ಟಣಗಳಲ್ಲಿ ಈಗ ಮಾಂಸದಂತೆಯೇ ತೋರುವ ಸಸ್ಯಾಹಾರವನ್ನು ಮನೆಯಲ್ಲಿಯೇ ಮಾಡಿ ನೋಡುವ ಆಸಕ್ತಿಯು ಬೆಳೆಯುತ್ತಿರುವುದು.

ಇಂಥ ಪದಾರ್ಥವನ್ನು ಎರಡು ಪರೀಕ್ಷೆಗಳಿಗೆ ಒಳಪಡಿಸಬೇಕು. ಮೊದಲನೆಯದು ನಾಲಗೆಯ ಪರೀಕ್ಷೆ. ಎರಡನೆಯದು ದೇಹದ ಪರೀಕ್ಷೆ. ಮಾಂಸದಲ್ಲಿ ದೇಹವನ್ನು ಕಟ್ಟುವ ಸಸಾರಜನಕವು, ಅಂದರೆ ಪ್ರೋಟೀನು, 100 ಗ್ರಾಮಿಗೆ ಸುಮಾರು 20 ಗ್ರಾಮಿನಷ್ಟಿರುವುದು. ಬದಲಿಯೆಂದು ಕರೆಯಿಸಿಕೊಳ್ಳುವ ಪದಾರ್ಥವು ಇದರಲ್ಲಿ ಎಷ್ಟನ್ನು ತುಂಬಿಕೊಡುವುದೆಂದು ಕೇಳಿಯೇ ಅದನ್ನು ಒಲೆಯ ಮೇಲಿಡಬೇಕು.

ಎಳೆಯ ಹಲಸಿನಕಾಯಿ. ಬಲಿಯದ ಹಲಸನ್ನು ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ, ಬೇಯಿಸಿ, ಮಸಾಲೆಯಲ್ಲಿ ಕುದಿಸಿದರೆ ಎಳೆಎಳೆಯಾಗಿ ಬಿಡುವುದರಿಂದ ನಾಲಗೆಗೆ ಮಾಂಸವೆಂದೇ ತೋರುವುದು. ದೇಹದ ಪರೀಕ್ಷೆಯಲ್ಲಿ ಮಾತ್ರ ಇದು ಸೋಲುವುದು. 100 ಗ್ರಾಮಿನಲ್ಲಿ ಸಸಾರಜನಕವು 2ರಿಂದ 3 ಗ್ರಾಂ ಮಾತ್ರ. ಇದನ್ನು ಮಾಡಿದ ದಿನ ಜೊತೆಗೆ ಕಾಳನ್ನು ಸೇರಿಸಿ ಬೇಯಿಸುವುದು ಒಳ್ಳೆಯದು.

ಚಿಪ್ಪಣಬೆ. ಬಾಲ್ಕನಿಯ ಬಿಸಿಲಿಲ್ಲದ ಮೂಲೆಗೆ ಇದೇ ತಕ್ಕ ಪೈರು. ಭತ್ತದ ಹುಲ್ಲನ್ನು ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಕುದಿನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟು ಬಸಿಯತಕ್ಕದ್ದು. ಹಿಂಡಿದರೆ ಹನಿ ಬೀಳದಷ್ಟು ಆರಿದ ಮೇಲೆ ಪಾಲಿಥೀನ್ ಚೀಲದಲ್ಲಿ ಹುಲ್ಲು, ಅಣಬೆಯ ಬಿತ್ತನೆಬೀಜ ಇವುಗಳನ್ನು ಪದರಪದರವಾಗಿ ತುಂಬಿ, ಸಣ್ಣ ತೂತುಗಳನ್ನು ಮಾಡಿ, ಕತ್ತಲೆಯಲ್ಲಿ 15ರಿಂದ 20 ದಿನ ಇಡಬೇಕು. ಚೀಲವೆಲ್ಲ ಬೆಳ್ಳಗಾದ ಮೇಲೆ ಬೆಳಕಿಗೆ ತಂದು ನೀರು ಚಿಮುಕಿಸುತ್ತಿದ್ದರೆ ಕೆಲವು ದಿನಗಳಲ್ಲಿಯೇ ಅಣಬೆಯು ಏಳುವುದು. ಬಿತ್ತನೆಬೀಜವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಬಹುದು. ಹಸಿ ಅಣಬೆಯ 100 ಗ್ರಾಮಿನಲ್ಲಿ ಸಸಾರಜನಕವು ಸುಮಾರು 3 ಗ್ರಾಂ ಮಾತ್ರವಿರುವುದರಿಂದ ಇದೂ ರುಚಿಗೆ ಹೆಚ್ಚು, ಬಲಕ್ಕೆ ಕಡಮೆ. ಹೊಲದ ಬದುವಿನಲ್ಲಿ ತಾನಾಗಿ ಎದ್ದ ಅಣಬೆಯನ್ನು ಗುರುತು ತಿಳಿಯದೆ ತಿನ್ನಬಾರದು. ಅವುಗಳಲ್ಲಿ ಪ್ರಾಣ ತೆಗೆಯುವುವೂ ಇವೆ.

ಗೋಧಿಯ ಅಂಟು. ಹಲ್ವಕ್ಕಾಗಿ ಗೋಧಿಯ ಹಾಲನ್ನು ತೆಗೆಯುವುದು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಹಾಲು ಹೋದ ಮೇಲೆ ಉಳಿಯುವ ಅಂಟಿನಲ್ಲಿಯೇ ಗೋಧಿಯ ಸಸಾರಜನಕದ ಬಹುಭಾಗವಿರುವುದು. ಅರ್ಧ ಕಿಲೋ ಗೋಧಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಒಂದು ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ನೀರನ್ನು ಬದಲಾಯಿಸುತ್ತ ಹಿಸುಕಿ ತೊಳೆದರೆ ರಬ್ಬರಿನಂತಹ ಮುದ್ದೆಯು ನಿಲ್ಲುವುದು. ಇದನ್ನು ತುಂಡುಮಾಡಿ ಮಸಾಲೆಯ ನೀರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಅಗಿಯುವುದಕ್ಕೆ ಮಾಂಸದಂತೆಯೇ ಇರುವುದು. ಚೀನಾದೇಶದ ಬೌದ್ಧ ಮಠಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿರುವುದು. ಗೋಧಿಯು ಒಗ್ಗದ ರೋಗವುಳ್ಳವರು ಇದನ್ನು ಮುಟ್ಟಕೂಡದು.

ಸೋಯಾ. ನಮ್ಮ ರಾಜ್ಯದಲ್ಲಿ ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಬೆಳೆಯುವ ಈ ಕಾಳಿನಲ್ಲಿ 100 ಗ್ರಾಮಿಗೆ 36ರಿಂದ 40 ಗ್ರಾಂ ಸಸಾರಜನಕವಿದೆ. ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದ, ಅಂಗಡಿಯಲ್ಲಿ ದೊರೆಯುವ ಸೋಯಾ ಉಂಡೆಗಳಲ್ಲಿ ಇದು ಸುಮಾರು 50 ಗ್ರಾಂ. ಮನೆಯಲ್ಲಿ ಮಾಡುವವರು ಕಾಲು ಕಿಲೋ ಕಾಳನ್ನು ರಾತ್ರಿ ನೆನೆಸಿ, ಸಿಪ್ಪೆ ಕಳೆದು, 2 ಲೀಟರು ನೀರಿನಲ್ಲಿ ಅರೆದು, ತಳಹಿಡಿಯದಂತೆ ಕಾಲು ಗಂಟೆಗೂ ಮೀರಿ ಕುದಿಸಿ, ಶೋಧಿಸಿ, ಬಿಸಿಯಿರುವಾಗಲೇ ಎರಡು ನಿಂಬೆಹಣ್ಣಿನ ರಸವನ್ನು ನೀರಿನೊಡನೆ ಹಾಕತಕ್ಕದ್ದು. ಒಡೆದ ಗಿಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಭಾರವನ್ನಿಟ್ಟರೆ ಗಟ್ಟಿಯಾಗುವುದು. ಉಳಿದ ಚರಟವನ್ನು ರೊಟ್ಟಿಗೆ ಬೆರೆಸಬಹುದು. ಸೋಯಾಕಾಳಿನಲ್ಲಿ ಜೀರ್ಣವನ್ನು ತಡೆಯುವ ಒಂದು ಅಂಶವಿರುವುದರಿಂದ ಚೆನ್ನಾಗಿ ಕುದಿಸದೆ ಕುಡಿಯಲೂ ಕೂಡದು, ತಿನ್ನಲೂ ಕೂಡದು.

ಇಂಥ ಪ್ರಯತ್ನವು ನಮ್ಮ ನಾಡಿಗೆ ಹೊಸದೆಂದು ಯಾರೂ ಭಾವಿಸಬಾರದು. 1940ರ ದಶಕದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೋಯಾ ಹಾಲಿನ ಪ್ರಯೋಗಗಳು ನಡೆದುವು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಹುರಿದ ಕಡಲೆಯ ಹಿಟ್ಟು ಒಂದು ಪಾಲು ಸೇರಿಸಿ, ಜೀವಸತ್ವಗಳನ್ನು ಬೆರೆಸಿ, ‘ಭಾರತೀಯ ಬಹೂಪಯೋಗಿ ಆಹಾರ’ವೆಂಬುದನ್ನು ಸಿದ್ಧಪಡಿಸಿದರು. ಬಡವರ ಊಟದಲ್ಲಿ ಕಡಮೆಯಾದ ಸಸಾರಜನಕವನ್ನು ನಮ್ಮ ಹೊಲದ ಕಾಳುಗಳಿಂದಲೇ ತುಂಬಬಹುದೆಂಬುದು ಆ ಪ್ರಯತ್ನದ ತಿರುಳಾಗಿದ್ದಿತು.

ಹಿದುಕಿದ ಅವರೆ

ಎರಡು ಪರೀಕ್ಷೆಗಳಲ್ಲಿಯೂ ಗೆದ್ದು, ಯಾರಿಂದಲೂ ಹೊಸದಾಗಿ ಕಲಿಯಬೇಕಾಗಿಲ್ಲದ ಪದಾರ್ಥವೊಂದು ನಮ್ಮ ಮನೆಗಳಲ್ಲಿಯೇ ಇದೆ. ಸುಲಿದ ಅವರೆಕಾಳನ್ನು ಆರೆಂಟು ಗಂಟೆ ನೆನೆಸಿ, ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಹಿದುಕಿ ಸಿಪ್ಪೆ ತೆಗೆದು, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ, ಕೊತ್ತಂಬರಿಸೊಪ್ಪುಗಳ ಮಸಾಲೆಯಲ್ಲಿ ಕುದಿಸಿದ ಸಾರನ್ನು ರಾಗಿಮುದ್ದೆಯೊಡನೆ ಉಂಡವರು ಮಾಂಸದ ಸಾರನ್ನು ನೆನೆಯರು. ಮಾಂಸದ ಸಾರಿನ ರುಚಿಯಲ್ಲಿ ಬಹುಪಾಲು ಈ ಮಸಾಲೆಯದ್ದೇ ಅಲ್ಲವೇ? ಒಣಗಿದ ಅವರೆಕಾಳಿನಲ್ಲಿ 100 ಗ್ರಾಮಿಗೆ 20ರಿಂದ 25 ಗ್ರಾಂ ಸಸಾರಜನಕವಿದೆ. ಬೆಂದಾಗ ಕಾಳು ನೀರು ಕುಡಿದು ತೂಕವು ಇಮ್ಮಡಿಗೂ ಮೀರುವುದರಿಂದ, ಸಾರಿನ ನೀರನ್ನು ಮಾತ್ರ ಬಡಿಸದೆ ಕಾಳನ್ನು ಧಾರಾಳವಾಗಿ ಬಡಿಸಬೇಕು. ರಾಗಿಯಲ್ಲಿ ಕಡಮೆಯಾಗಿರುವ ಸಸಾರಜನಕದ ಭಾಗವು ಕಾಳಿನಲ್ಲಿಯೂ, ಕಾಳಿನಲ್ಲಿ ಕಡಮೆಯಾದುದು ರಾಗಿಯಲ್ಲಿಯೂ ಇರುವುದರಿಂದ ಇವೆರಡೂ ಒಂದನ್ನೊಂದು ತುಂಬಿಕೊಡುವುವು. ಬಾಲ್ಕನಿಯ ಸೊಪ್ಪೂ ನಿಂಬೆಯ ಹುಳಿಯೂ ಸೇರಿದರೆ ಕಾಳಿನಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಚೆನ್ನಾಗಿ ಹತ್ತುವುದು. ಆದರೆ ಬಿ 12 ಎಂಬ ಜೀವಸತ್ವವು ಯಾವ ಕಾಳಿನಲ್ಲಿಯೂ ಇಲ್ಲವಾದ್ದರಿಂದ ಮಾಂಸವನ್ನು ಪೂರ್ತಿಯಾಗಿ ಬಿಟ್ಟವರು ಹಾಲು ಮೊಸರುಗಳನ್ನು ಬಿಡಬಾರದು. ಅವನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ನಡೆಯಬೇಕು.

ಲೆಕ್ಕವನ್ನು ಹಾಕಿ ನೋಡೋಣ

12 ಅಡಿ ಉದ್ದ, 4 ಅಡಿ ಅಗಲದ ಬಾಲ್ಕನಿಯನ್ನು ತೆಗೆದುಕೊಳ್ಳೋಣ. ಇದರಲ್ಲಿ ಅರ್ಧ ಜಾಗದಲ್ಲಿ ಸೊಪ್ಪನ್ನು ಬೆಳೆದರೆ ತಿಂಗಳಿಗೆ ಸುಮಾರು 2 ಕಿಲೋ ಸೊಪ್ಪನ್ನು ನಿರೀಕ್ಷಿಸಬಹುದು. ಮನೆಯ ಅಡಿಗೆಗೆ ಇದು ನಿಜವಾದ ಸಹಾಯವೇ ಸರಿ.

ಇನ್ನು ಕಾಳಿನ ಲೆಕ್ಕ. ಎಕರೆಗೆ ಒಣಅವರೆಯು 4 ಕ್ವಿಂಟಲ್ ಬರುವುದೆಂದು ಇಟ್ಟುಕೊಂಡು, ಅದೇ ಪ್ರಮಾಣದಲ್ಲಿ ಇಡೀ ಬಾಲ್ಕನಿಯ 48 ಚದರ ಅಡಿಗೂ ಅವರೆಯನ್ನೇ ಹಾಕಿದರೆ ದೊರೆಯುವುದು ಅರ್ಧ ಕಿಲೋಗಿಂತ ಕಡಮೆ, ಸುಮಾರು 440 ಗ್ರಾಂ. ಅದರಲ್ಲಿರುವ ಸಸಾರಜನಕವು ಸುಮಾರು 97 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಕೊಟ್ಟ ಲೆಕ್ಕದಂತೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಸಸಾರಜನಕವು ದೊಡ್ಡವರಿಗೆ ಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಮನೆಗೆ ದಿನಕ್ಕೆ ಸುಮಾರು 150 ಗ್ರಾಂ. ಎಂದರೆ ಮೂರು ತಿಂಗಳಿಗೂ ಮೀರಿ ಕಾದು ಬೆಳೆದ ಇಡೀ ಬಾಲ್ಕನಿಯ ಅವರೆಯು ಒಂದು ದಿನಕ್ಕೂ ಸಾಲದು!

ಅದೇ ಒಂದು ಎಕರೆ ಹೊಲದ 4 ಕ್ವಿಂಟಲಿನಲ್ಲಿ 88 ಕಿಲೋ ಸಸಾರಜನಕವಿರುವುದು. ಅಂಥ ಮನೆಯ ಪೂರ್ತಿ ಅವಶ್ಯಕತೆಗೆ ಒಂದು ವರ್ಷ ಏಳು ತಿಂಗಳ ಕಾಲ ಸಾಕಾಗುವಷ್ಟು. ಅರ್ಧ ಪಾಲು ರಾಗಿ, ಅಕ್ಕಿ, ಹಾಲುಗಳಿಂದ ಬರುವುದೆಂದರೆ ಮೂರು ಮನೆಗಳಿಗೆ ಒಂದು ವರ್ಷಕ್ಕೆ ಸಾಕಾಗಿ ಇನ್ನೂ ಮಿಗುವುದು.

ಈ ಲೆಕ್ಕದಿಂದ ತಿಳಿಯುವುದೇನು? ಪಟ್ಟಣದವನು ಸೊಪ್ಪನ್ನೂ ಮೆಣಸಿನಕಾಯನ್ನೂ ತಾನೇ ಬೆಳೆದುಕೊಳ್ಳಬಲ್ಲನು. ಮಾಂಸಕ್ಕೆ ಬದಲಾದುದನ್ನು ಅಡಿಗೆಮನೆಯಲ್ಲಿ ತಾನೇ ಮಾಡಿಕೊಳ್ಳಬಲ್ಲನು. ಆದರೆ ಅದಕ್ಕೆ ಬೇಕಾದ ಕಾಳನ್ನು ಮಾತ್ರ ಅವನು ಬೆಳೆಯಲಾರನು. ಕಾಳು ಹೊಲದಿಂದಲೇ ಬರಬೇಕು, ಹೊಲವು ನಿಮ್ಮಲ್ಲಿದೆ.

ಜಮೀನುದಾರರು ಮಾಡತಕ್ಕದ್ದು

ನಮ್ಮ ಹಿರಿಯರು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲನ್ನು ತಪ್ಪದೆ ಇಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳು ಒಂದೇ ಹೊಲದಲ್ಲಿ ಬೆಳೆದು, ಮನೆಯ ವರ್ಷದ ಕಾಳಿಗೆ ಅಂಗಡಿಯ ಹಂಗಿರಲಿಲ್ಲ. ಈಚೆಗೆ ಹಲವು ಕಡೆ ರಾಗಿಯ ಹೊಲಕ್ಕೆ ನೀಲಗಿರಿ ಬಂದಿತು; ರಾಗಿಯನ್ನು ಉಳಿಸಿಕೊಂಡವರೂ ಕೊಯ್ಲಿನ ಯಂತ್ರದ ಅನುಕೂಲಕ್ಕಾಗಿ ಅಕ್ಕಡಿಯನ್ನು ಬಿಟ್ಟರು. ಫಲವಾಗಿ ರಾಗಿ ಬೆಳೆಯುವ ಮನೆಯವರೇ ಬೇಳೆಯನ್ನು ಕೊಂಡು ತರುವಂತಾಗಿ, ಬೆಲೆಯೇರಿದ ತಿಂಗಳು ಹಳ್ಳಿಯ ಮಗುವಿನ ತಟ್ಟೆಯಲ್ಲಿಯೂ ಸಾರು ತೆಳ್ಳಗಾಗುತ್ತಿರುವುದು. ಪಟ್ಟಣದ ಗಿರಾಕಿಗಿಂತ ಮೊದಲು ಯೋಚಿಸಬೇಕಾದುದು ಇದನ್ನೇ.

ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯಂತೆ ಹಾಕುವುದು ಪರೀಕ್ಷಿಸಿ ಒಪ್ಪಿದ ಕ್ರಮ. ಒಂಬತ್ತರಲ್ಲಿ ಒಂದು ಪಾಲಿನಂತೆ ಎಕರೆಗೆ 40 ಕಿಲೋ ಬಂದರೂ, ಮೇಲೆ ಹೇಳಿದ ಮನೆಯ ಸಸಾರಜನಕದ ಅರ್ಧ ಪಾಲು ಸುಮಾರು ನಾಲ್ಕು ತಿಂಗಳು ನಡೆಯುವುದು. ರಾಗಿ ಕೊಯ್ದ ಮೇಲೆ ನಾಟಿ ಅವರೆಯು ಉಳಿದ ತೇವದಲ್ಲಿಯೇ ಹಬ್ಬಿ ಕಾಯಿಬಿಡುವುದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಪೈರಿಗೆ ಯೂರಿಯಾದ ಹಂಗು ಕಡಮೆ; ಎಲೆಯೂ ಬೇರೂ ಮಣ್ಣಿಗೆ ಸೇರಿದಲ್ಲಿ ಮುಂದಿನ ಪೈರಿಗೂ ಪ್ರಯೋಜನ. ಹೊಟ್ಟು ದನಗಳಿಗಾಗುವುದು. ಯಂತ್ರದಿಂದ ಕೊಯ್ಯುವವರು ಹೊಲದ ಅಂಚಿನಲ್ಲಿ ಒಂದು ಪಟ್ಟೆಯನ್ನಾದರೂ ಅವರೆಗೆ ಬಿಡಬಹುದು.

ಸೊಗಡುಳ್ಳ ನಾಟಿ ಬೀಜವನ್ನು ಊರಿನಲ್ಲಿಯೇ ಆಯ್ದು, ಒಣಗಿಸಿ, ಬೂದಿಯಲ್ಲಿಯೋ ಬೇವಿನ ಎಲೆಯಲ್ಲಿಯೋ ಕಾಪಾಡಿಡಬೇಕು. ಒಮ್ಮೆ ಕಳೆದುಹೋದ ನಾಟಿ ತಳಿಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗುವುದಿಲ್ಲ. ಮಾರುವ ವಿಷಯದಲ್ಲಿ ಒಬ್ಬೊಬ್ಬರೇ ಮೂಟೆ ಹೊತ್ತು ಹೋಗುವುದಕ್ಕಿಂತ ಹತ್ತು ಮನೆಯವರು ಸೇರಿ, ರೈತ ಉತ್ಪಾದಕ ಸಂಸ್ಥೆಯ ಮೂಲಕವೋ ಬಡಾವಣೆಗಳ ನಿವಾಸಿಗಳ ಸಂಘಗಳೊಡನೆ ಮಾತನಾಡಿಕೊಂಡೋ, ಕಾಳನ್ನೂ ಎಳೆಯ ಹಲಸಿನಕಾಯನ್ನೂ ನೇರವಾಗಿ ಒದಗಿಸುವುದು ಲಾಭಕರ. ಹಿದುಕಿದ ಬೇಳೆಯನ್ನು ಊರಿನ ಹೆಂಗಸರ ಸ್ವಸಹಾಯ ಸಂಘದವರು ಸಿದ್ಧಮಾಡಿಕೊಟ್ಟರೆ, ಹಿದುಕುವುದಕ್ಕೆ ಪುರಸೊತ್ತಿಲ್ಲದ ಪಟ್ಟಣದ ಗೃಹಿಣಿಯರಿಗೆ ಅನುಕೂಲವಾಗಿ, ಕೂಲಿಯ ಹಣವೂ ಊರಿನಲ್ಲಿಯೇ ನಿಲ್ಲುವುದು.

ಗ್ರಾಮದ ಯಜಮಾನರು ಈ ಮುಂಗಾರಿನಲ್ಲಿ ಮೊದಲು ತಮ್ಮ ಹೊಲದಲ್ಲಿಯೇ ಅಕ್ಕಡಿ ಸಾಲನ್ನಿಟ್ಟು ತೋರಿಸಬೇಕೆಂದು ಪ್ರಾರ್ಥನೆ. ಹಳ್ಳಿಯಲ್ಲಿ ನೂರು ಮಾತಿಗಿಂತ ಒಂದು ಸಾಲಿಗೆ ಬೆಲೆ ಹೆಚ್ಚು. ನಾಗರಬಾವಿಯ ಹೊಲಗಳು ಮನೆಗಳಾಗಿ ಹೋದುವು. ಅಲ್ಲಿಯವರು ಉಳಿದ ನಾಲ್ಕಡಿಯಲ್ಲಿ ಕುಂಡವನ್ನಿಟ್ಟು ತಮ್ಮ ಪಾಲಿನ ಕೆಲಸವನ್ನು ಮಾಡುತ್ತಿದ್ದಾರೆ. ಹೊಲವನ್ನು ಇನ್ನೂ ಉಳಿಸಿಕೊಂಡಿರುವ ನಾವು ಒಂಬತ್ತನೆಯ ಸಾಲನ್ನು ಬರಿದಾಗಿ ಬಿಡಬಾರದು.